ನಾಲ್ಕಕ್ಕೆ ಎರಡು: ಚಿತ್ರದುರ್ಗದ ಗೆಳೆಯನಿಗೊಂದು ಪತ್ರ

ಡೊಂಬಿವಲಿ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಚಿತ್ರದುರ್ಗದವನ ಎದುರು, 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರ ತಪ್ಪು ಎತ್ತಿದರೆ ಸಿಟ್ಟು ಬರದೆ ಇರುತ್ತದಾ? ಆದರೆ ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸ್ವಂತ ಪಕ್ಷದ ಅಭ್ಯರ್ಥಿಗೇ ಕೈಕೊಟ್ಟರು, ಅಷ್ಟೇ ಕಥೆ ಅಂದೆ ನೀನು. ಕೈಕೊಟ್ಟದ್ದು ಹೌದು. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದವರೇ ಆಮೇಲೆ ಆತ್ಮಸಾಕ್ಷಿಯಂತೆ ಮತ ಹಾಕಿ ಅನ್ನುವುದು ನನಗೂ ಒಪ್ಪಿಗೆಯಿಲ್ಲ. ಬೇಡ ಅನ್ನುವುದಿದ್ದರೆ ಪೆನ್ನು ಹಿಡಿಯುವ ಮೊದಲೇ ಅನ್ನಬೇಕಿತ್ತು. ಆದರೆ ಒಡಕು ಶುರುವಾದದ್ದು ಅದಕ್ಕೂ ಮೊದಲು ಮಾರಾಯಾ, ಬೆಂಗಳೂರಿನಲ್ಲೇ.

ಆ ವರ್ಷ ಮೇ 3ಕ್ಕೆ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಆಗ ಸೇರಿದ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪಾರ್ಲಿಮೆಂಟರಿ ಬೋರ್ಡಿನಲ್ಲಿ ಇಂದಿರಾ ಅವರು ಜಗಜೀವನ ರಾಂ ಹೆಸರು ಹೇಳಿದರು. ಕಾಮರಾಜ್, ಮೊರಾರ್ಜಿ, ನಮ್ಮ ಮುಂಬೈಯ ಎಸ್.ಕೆ. ಪಾಟೀಲ್, ಯಶವಂತರಾವ್ ಚವಾಣ್ ನಾಲ್ವರೂ ರೆಡ್ಡಿ ಅಂದರು. ಇಂದಿರಾ ಜೊತೆ ನಿಂತದ್ದು ಫಕ್ರುದ್ದೀನ್ ಅಲಿ ಅಹಮದ್ ಒಬ್ಬರೇ. ನಾಲ್ಕಕ್ಕೆ ಎರಡು. ಅಧ್ಯಕ್ಷರ ಕುರ್ಚಿಯಲ್ಲಿ ನಿಜಲಿಂಗಪ್ಪ.

ಇವತ್ತು ಮಾವ ಮನೆಯಲ್ಲೇ ಇದ್ದರು. ನಿನಗೆ ಗೊತ್ತಲ್ಲ, ಮುಂಬೈಯ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. 1967ರಲ್ಲಿ ಅವರಿಗೆ ವೋಟೇ ಇರಲಿಲ್ಲ, ಆಗ 21 ತುಂಬಬೇಕಿತ್ತು, ಆದರೂ ನಮ್ಮ ಮಂಗಳೂರಿನವ ನಿಂತಿದ್ದಾನೆ ಅಂತ ರಾತ್ರಿ ಹೋಟೆಲ್ ಬಾಗಿಲು ಹಾಕಿದ ಮೇಲೆ ಜಾರ್ಜ್ ಫರ್ನಾಂಡಿಸರ ಚೀಟಿ ಹಂಚಿದವರು. ಎದುರಿಗಿದ್ದದ್ದು ಇದೇ ಎಸ್.ಕೆ. ಪಾಟೀಲ್, ಮೂರು ಸಲ ಮುಂಬೈಯ ಮೇಯರ್ ಆಗಿದ್ದವರು. ಸೋತರು. ಕಾಮರಾಜರೂ ಅದೇ ವರ್ಷ ವಿರುದುನಗರದಲ್ಲಿ ಸೋತರು. ಆಮೇಲೆ ಇಬ್ಬರೂ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದರು ಅನ್ನು. ಮಾವ ಚಹಾದ ಲೋಟ ಕೆಳಗಿಟ್ಟು ಹೇಳಿದರು, "ನಾವು ಮನೆಗೆ ಕಳಿಸಿದವರೇ ಕೋಣೆಯೊಳಗೆ ಕೂತು ರಾಷ್ಟ್ರಪತಿ ಯಾರಾಗಬೇಕು ಅಂತ ಹೇಳಿದರು ನೋಡು."

ನನಗೆ ನಾಟಿದ್ದು ಈ ಮಾತು. ರೆಡ್ಡಿಯವರು ಯೋಗ್ಯರಲ್ಲ ಅಂತ ನಾನು ಹೇಳುವುದಿಲ್ಲ. ಲೋಕಸಭೆಯ ಸ್ಪೀಕರ್ ಆಗಿದ್ದರು, 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯೂ ಆದರು. ಆದರೆ 1969ರಲ್ಲಿ ಆ ಹೆಸರು ತಂದದ್ದೇ ಪ್ರಧಾನಿಗೆ ಮೂಗುದಾರ ಹಾಕಲಿಕ್ಕೆ. ಅದು ಇಂದಿರಾಗೂ ಗೊತ್ತಿತ್ತು, ಆ ನಾಲ್ವರಿಗೂ ಗೊತ್ತಿತ್ತು. ಹಾಗೆ ಆರಿಸಿದವರನ್ನು ಇಡೀ ಪಕ್ಷದ ಅಭ್ಯರ್ಥಿ ಅಂತ ಹೇಗೆ ಕರೆಯುವುದು ಹೇಳು.

ಕೋಣೆಯಲ್ಲಿ ಸೋತ ಇಂದಿರಾ ಜಗಳವನ್ನು ಬೀದಿಗೆ ತಂದರು. ಜುಲೈ 16ಕ್ಕೆ ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಹೋಯಿತು, 19ಕ್ಕೆ 14 ಬ್ಯಾಂಕುಗಳು ಸರ್ಕಾರದ್ದಾದವು. ನಮ್ಮ ಕಡೆಯ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಮಾವ ಆಗ ಸಿಂಡಿಕೇಟ್ ಬ್ಯಾಂಕಿನಲ್ಲಿ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಕಟ್ಟುತ್ತಿದ್ದರು. ಹೋಟೆಲಿನ ಹುಡುಗರೆಲ್ಲ ಇನ್ನು ನಮ್ಮ ದುಡ್ಡಿಗೆ ಸರ್ಕಾರವೇ ಜವಾಬ್ದಾರಿ ಅಂತ ಕುಣಿದರಂತೆ. ಮರುದಿನ ಉಪರಾಷ್ಟ್ರಪತಿ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತಾಗ, ಆ ಹುಡುಗರಿಗೆ ಗಿರಿ ಅಂದರೆ ಪಿಗ್ಮಿ ಪುಸ್ತಕದ ಕಡೆಯವರು, ರೆಡ್ಡಿ ಅಂದರೆ ಸೇಠುಗಳ ಕಡೆಯವರು. ರೆಡ್ಡಿಯವರು ಏನು ಮಾಡಿದ್ದರು ಪಾಪ? ಏನೂ ಇಲ್ಲ.

ಇನ್ನು ನಿಜಲಿಂಗಪ್ಪನವರ ವಿಷಯ. ಸಿಟ್ಟು ಮಾಡಬೇಡ, ಪೂರ್ತಿ ಓದು. ಜನಸಂಘ, ಸ್ವತಂತ್ರ ಪಕ್ಷಗಳು ಮೂರನೇ ಅಭ್ಯರ್ಥಿ ಸಿ.ಡಿ. ದೇಶಮುಖರ ಬೆನ್ನಿಗಿದ್ದವು. ಅವರ ಹತ್ತಿರ ಹೋಗಿ, ನಿಮ್ಮ ಎರಡನೇ ಪ್ರಾಶಸ್ತ್ಯದ ಮತ (ಮೊದಲು ಆರಿಸಿದವರು ಹೊರಬಿದ್ದರೆ ಲೆಕ್ಕಕ್ಕೆ ಬರುವ ಮತ) ರೆಡ್ಡಿಗೆ ಕೊಡಿ ಅಂತ ಇವರು ಕೇಳಿದರು. ಇಂದಿರಾ ಬಣಕ್ಕೆ ಬೇಕಾಗಿದ್ದದ್ದೂ ಅದೇ, ಎದುರಾಳಿಗಳ ಜೊತೆ ಕೈಜೋಡಿಸಿದರು ಅಂತ ಬೆರಳು ತೋರಿಸಲಿಕ್ಕೆ. ಮಾವ ಕಿರಾಣಿ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಬರೆದು ತೋರಿಸಿದರು. ಇದು ತಲೆ ಎಣಿಕೆಯಲ್ಲ, ಶಾಸಕರ ಮತ್ತು ಸಂಸದರ ಮತಗಳ ಮೌಲ್ಯ. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ದೇಶಮುಖರ ಮತಗಳು ಹಂಚಿದ ಮೇಲೆ ಕೊನೆಗೆ ಗಿರಿ 4,20,077, ರೆಡ್ಡಿ 4,05,427. ನೋಡು, ರೆಡ್ಡಿಗೆ ಹೊಸದಾಗಿ ಬಂದದ್ದು 91 ಸಾವಿರಕ್ಕೂ ಜಾಸ್ತಿ, ಗಿರಿಗೆ 19 ಸಾವಿರವೂ ಇಲ್ಲ. ಅಂದರೆ ಹೊರಗಿನವರ ಹತ್ತಿರ ಕೇಳಿದ್ದು ಹೆಚ್ಚುಕಡಿಮೆ ಸಿಕ್ಕಿತು. ಕೈಬಿಟ್ಟವರು ಮನೆಯವರೇ. ಬೋರ್ಡಿನ ನಾಲ್ಕು ಮತಗಳನ್ನು ನಂಬಿ, ಬೇರೆ ಬೇರೆ ರಾಜ್ಯಗಳಲ್ಲಿದ್ದ ತಮ್ಮದೇ ಶಾಸಕರ ಮನಸ್ಸಿನಲ್ಲಿ ಏನಿದೆ ಅಂತ ಇವರು ಕೇಳಲೇ ಇಲ್ಲ ಅನಿಸುತ್ತದೆ ನನಗೆ.

ಹೊಟ್ಟೆ ಉರಿಯುವುದು ಅದಕ್ಕೇ. 1956ರಲ್ಲಿ ಮುಂಬೈ, ಹೈದರಾಬಾದು, ಮೈಸೂರು ಅಂತ ಹರಿದುಹೋಗಿದ್ದ ಕನ್ನಡದ ಜಿಲ್ಲೆಗಳೆಲ್ಲ ಒಂದಾದಾಗ ಮೊದಲ ಮುಖ್ಯಮಂತ್ರಿ ಆದವರು ಅವರು. ಇಲ್ಲಿಯ ಹಳೆ ಕನ್ನಡಿಗರು ಈಗಲೂ ಆ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ. ಅಂಥವರು ಅಧ್ಯಕ್ಷರಾಗಿದ್ದಾಗಲೇ ನವೆಂಬರ್ 12ಕ್ಕೆ ಪ್ರಧಾನಿಯನ್ನೇ ಪಕ್ಷದಿಂದ ಹೊರಗೆ ಹಾಕಿದರು, ಕಾಂಗ್ರೆಸ್ ಎರಡಾಯಿತು. ಡಿಸೆಂಬರಿನಲ್ಲಿ ಇಂದಿರಾ ಬಣದ ಅಧಿವೇಶನ ನಡೆದದ್ದು ಇಲ್ಲೇ ಮುಂಬೈಯಲ್ಲಿ. ಅಧ್ಯಕ್ಷರು ಯಾರು ಗೊತ್ತಾ? ಬೆಂಗಳೂರಿನಲ್ಲಿ ಬೇಡ ಅನಿಸಿಕೊಂಡ ಜಗಜೀವನ ರಾಂ.

ಆ ಕಾಲದಲ್ಲಿ ನಿಜಲಿಂಗಪ್ಪನವರ ಜೊತೆ ಓಡಾಡಿದ ಹಿರಿಯರು ನಿಮ್ಮ ಓಣಿಯಲ್ಲಿ ಇದ್ದಾರೆ ಅಂದಿದ್ದೆ. ಅವರನ್ನು ಒಂದು ಮಾತು ಕೇಳು: ಮತದಾನ ನಡೆದ ಆ ಆಗಸ್ಟಿನಲ್ಲಿ ಮನೆಯವರೇ ಕೈಬಿಡುತ್ತಾರೆ ಅಂತ ನಿಜಲಿಂಗಪ್ಪನವರಿಗೆ ಗೊತ್ತಿತ್ತಾ? ಕೇಳಿ ನನಗೆ ಬರೆ. ಮಾವ ದೀಪಾವಳಿ ತನಕ ಇಲ್ಲೇ ಇರುತ್ತಾರೆ. ಆ ಬಿಲ್ಲನ್ನು ಎತ್ತಿಟ್ಟಿದ್ದೇನೆ, ಬಂದಾಗ ತೋರಿಸುತ್ತೇನೆ.

ನಿನ್ನ ಹಳೆ ರೂಮ್‌ಮೇಟ್