ಅಂಗನವಾಡಿಯಲ್ಲಿ ಮಗುವಿನ ತೋಳನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ಅಂಗನವಾಡಿ ಮಕ್ಕಳ ಕುಂಠಿತ ಬೆಳವಣಿಗೆ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿ ಇದನ್ನು ಬರೆಯುತ್ತಿದ್ದೇನೆ. ನಾನು ದಾವಣಗೆರೆಯಲ್ಲಿ ಟೈಲರ್. ಮಕ್ಕಳ ಬಟ್ಟೆ, ಸ್ಕೂಲ್ ಯೂನಿಫಾರಂ ಹೊಲಿಯುವುದೇ ಜಾಸ್ತಿ.

ಮಗಳಿಗೆ ಎರಡು ವರ್ಷ ಆಗಿದ್ದಾಗ ದುಗ್ಗಮ್ಮನ ಜಾತ್ರೆಗೆಂದು ತುಂಬುತೋಳಿನ ಫ್ರಾಕ್ ಹೊಲಿಯಲು ಕೂತೆ. ಎದೆ 20 ಇಂಚು, ವಯಸ್ಸಿಗೆ ಸರಿ. ತೋಳು 7 ಇಂಚಿಗೇ ಮುಗಿದುಹೋಯಿತು. ಟೇಪ್ ಸರಿಯಾಗಿ ಹಿಡಿದಿಲ್ಲ ಅಂದುಕೊಂಡು ಮತ್ತೆ ಅಳೆದೆ. ಭುಜದಿಂದ ಮೊಣಕೈವರೆಗಿನ ಭಾಗವೇ ಮೊಟಕು, ಅಲ್ಲಿ ಮಾಂಸ ಮಡಿಕೆ ಮಡಿಕೆಯಾಗಿ ಕೂತಿತ್ತು. ಅಂಗೈ ಅಗಲಿಸಿದರೆ ನಡುಬೆರಳಿಗೂ ಉಂಗುರ ಬೆರಳಿಗೂ ಮಧ್ಯೆ ಒಂದು ಸಂದು. ಇಷ್ಟು ವರ್ಷ ಸಾವಿರಾರು ಮಕ್ಕಳ ಅಳತೆ ತೆಗೆದವನಿಗೆ ಸ್ವಂತ ಮಗಳದ್ದು ಅಷ್ಟು ತಡವಾಗಿ ಕಂಡಿತು.

ಅಂಗನವಾಡಿಯಲ್ಲೂ ಅದು ಕಂಡಿರಲಿಲ್ಲ. ಅಲ್ಲಿ ಅಳೆಯುವುದು ತೂಕ ಮತ್ತು ಒಟ್ಟು ಎತ್ತರ. ಎತ್ತರ ಕೆಂಪು ಗೆರೆಯ ಕೆಳಗೆ ಬಿತ್ತು, ಕುಂಠಿತ ಅಂತ ಬರೆದುಕೊಂಡರು. "ಮಗೂಗೆ ಸರಿಯಾಗಿ ಊಟ ಹಾಕಲ್ವಾ?" ಅಂತ ನಾಲ್ಕು ಜನರ ಮುಂದೆ ನನ್ನ ಹೆಂಡತಿಯನ್ನು ಕೇಳಿದರು. ಅವಳು ಮೊಟ್ಟೆ, ರಾಗಿ ಗಂಜಿ, ತುಪ್ಪ ಎಲ್ಲ ತಿನ್ನಿಸಿದಳು. ಮಗು ದಪ್ಪಗಾಯಿತೇ ಹೊರತು ಉದ್ದ ಆಗಲಿಲ್ಲ.

ಕೊನೆಗೆ ಎಕ್ಸ್‌ರೇ, ಆಮೇಲೆ ಬೆಂಗಳೂರಿಗೆ ರಕ್ತ. ರಿಪೋರ್ಟಿನಲ್ಲಿ ಇದ್ದದ್ದು ಅಕಾಂಡ್ರೋಪ್ಲೇಸಿಯಾ, ಅಂದರೆ ಕೈಕಾಲಿನ ಎಲುಬು ಮೊಟಕಾಗಿಯೇ ಬೆಳೆಯುವ ಹುಟ್ಟಿನ ತೊಂದರೆ. ಎಫ್‌ಜಿಎಫ್‌ಆರ್3 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ಪ್ರೋಟೀನಿನ 380ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಆರ್ಜಿನಿನ್ ಎಂಬ ಇನ್ನೊಂದು ಬಂದು ಕೂತಿದೆ. ಈ ಜೀನ್ ಎಲುಬಿನ ಬೆಳವಣಿಗೆಗೆ ಬ್ರೇಕ್ ಇದ್ದಂತೆ ಅಂತ ಡಾಕ್ಟರ್ ಹೇಳಿದರು. ಬೇಕಾದಾಗ ಹಿಡಿದು ಬಿಡಬೇಕಾದ ಬ್ರೇಕು ನನ್ನ ಮಗಳಲ್ಲಿ ಹಿಡಿದೇ ಇರುತ್ತದೆ. ಈ ಕಾರಣ ಪತ್ತೆಯಾಗಿದ್ದೇ 1994ರಲ್ಲಂತೆ. ಈ ತೊಂದರೆ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಇದೇ ಜಾಗ, ಇದೇ ಬದಲಾವಣೆ. ಅಂದರೆ ಮೊಟ್ಟೆಗೂ ಇದಕ್ಕೂ ಸಂಬಂಧವೇ ಇಲ್ಲ.

ಮನೆಯಲ್ಲಿ ಆಗಿದ್ದು ಬೇರೆ ಕಥೆ. ಬಸುರಿಯಾಗಿದ್ದಾಗ ನನ್ನ ಹೆಂಡತಿ ಗ್ರಹಣದ ದಿನ ಹೊರಗೆ ಬಂದಿದ್ದಳು ಅಂತ ಅಮ್ಮ ಅಂದರು. ಹೊಸದುರ್ಗದ ಕಡೆಯಿಂದ ಹೆಣ್ಣು ತರುವ ಬದಲು ಒಳಗಿನ ಸಂಬಂಧವನ್ನೇ ಮಾಡಿಕೊಂಡಿದ್ದರೆ ಹೀಗಾಗ್ತಿರಲಿಲ್ಲ ಅಂತ ಅಕ್ಕ. ನಗಬೇಕೋ ಅಳಬೇಕೋ. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದು ಮಕ್ಕಳಲ್ಲಿ ಹೊರಬೀಳುವ ಎಲುಬಿನ ಕಾಯಿಲೆಗಳೂ ಇವೆ, ಒಳಸಂಬಂಧದಲ್ಲಿ ಜಾಸ್ತಿ ಆಗುವುದು ಅವು! ಸಾಗರದ ಗಿರಾಕಿಯೊಬ್ಬರು "ಹಂದಿಗೋಡು ಕಾಯಿಲೆನಾ?" ಅಂತ ಕೇಳಿದರು. ಅದೂ ಇದಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಆ ಊರಲ್ಲಿ ಬೆಳಕಿಗೆ ಬಂದಿದ್ದು ಮನೆತನದಲ್ಲೇ ಹರಿದುಬರುವ ಕೀಲಿನ ಕಾಯಿಲೆ. ನನ್ನ ಮಗಳ ಥರದವರಲ್ಲಿ ಸುಮಾರು ಶೇ 80 ಮಂದಿಯ ತಂದೆ ತಾಯಿ ಮಾಮೂಲಿ ಎತ್ತರದವರೇ. ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ.

ಹೊಸದಾಗಿ ಆದಾಗ ಅದು ಬರುವುದು ಬಹುತೇಕ ತಂದೆಯ ಕಡೆಯಿಂದ, ತಂದೆಗೆ ವಯಸ್ಸಾದಷ್ಟೂ ಸಂಭವ ಸ್ವಲ್ಪ ಹೆಚ್ಚು. ಗಂಡಸಿನ ವೀರ್ಯಕಣ ಜೀವನಪೂರ್ತಿ ತಯಾರಾಗುತ್ತಲೇ ಇರುತ್ತದಲ್ವಾ, ನಕಲು ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಮಗಳು ಹುಟ್ಟಿದಾಗ ನನಗೆ 46. ಇದು ಯಾರ ತಪ್ಪೂ ಅಲ್ಲ ಅಂತ ಡಾಕ್ಟರ್ ಹೇಳಿದ್ದಾರೆ, ಸರಿ. ಲೆಕ್ಕ ಬರೆಯಲೇಬೇಕು ಅನ್ನುವವರು ನನ್ನ ಹೆಸರಿಗೆ ಬರೆದುಕೊಳ್ಳಲಿ, ನನ್ನ ಹೆಂಡತಿಯನ್ನು ಬಿಟ್ಟುಬಿಡಿ ಅಂತ ಮನೆಯಲ್ಲಿ ಹೇಳಿದ್ದೇನೆ. ಅಮ್ಮ ಈಗ ಗ್ರಹಣದ ಮಾತು ಎತ್ತುವುದಿಲ್ಲ. ಒಪ್ಪಿದ್ದಾರೆ ಅಂತಲ್ಲ, ಸುಮ್ನಿದ್ದಾರೆ ಅಷ್ಟೇ.

ಬೇಗ ಗೊತ್ತಾಗಿದ್ದರೆ ಮಗಳು ಮಾಮೂಲಿ ಎತ್ತರಕ್ಕೆ ಬರುತ್ತಿದ್ದಳಾ? ಇಲ್ಲ. ಆದರೆ ಬೆನ್ನು ಗಟ್ಟಿಯಾಗುವ ಮೊದಲೇ ದಿಂಬು ಕೊಟ್ಟು ಕೂರಿಸುತ್ತಿರಲಿಲ್ಲ. ಹಾಗೆ ಕೂರಿಸಿದರೆ ಬೆನ್ನು ಗೂನಾಗಬಹುದು. ತಲೆಬುರುಡೆಯ ಕೆಳಗೆ ನರ ಇಳಿಯುವ ತೂತು ಇಂಥ ಮಕ್ಕಳಲ್ಲಿ ಕಿರಿದಾಗಿರುತ್ತದೆ. ಅಲ್ಲಿ ನರ ಒತ್ತಿದರೆ ಉಸಿರಾಟಕ್ಕೇ ತೊಂದರೆ, ಹಾಗಾಗಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು. ಅವಳ ಗೊರಕೆ ಕೇಳಿ ನಾವು "ಥೇಟ್ ತಾತನ ಹಾಗೆ" ಅಂತ ನಗುತ್ತಿದ್ದೆವು.

ಮಕ್ಕಳ ಆರೋಗ್ಯ ತಪಾಸಣೆಗೆಂದೇ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ಜನ್ಮದೋಷಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ತಿರುಚಿದ ಪಾದ ಇದೆ, ಇದಿಲ್ಲ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕುಳ್ಳತನವನ್ನು 21 ಅಂಗವೈಕಲ್ಯಗಳಲ್ಲಿ ಒಂದಾಗಿ ಸೇರಿಸಿದೆ. ದೊಡ್ಡವರಾದ ಮೇಲೆ ಎತ್ತರ 147 ಸೆಂಟಿಮೀಟರ್ ಅಥವಾ ಕಡಿಮೆ ಇದ್ದರೆ ಅನ್ವಯ. ಸರ್ಟಿಫಿಕೇಟಿಗೆ ಲೆಕ್ಕಕ್ಕಿರುವ ಮಗು ತಪಾಸಣೆಗೆ ಯಾಕೆ ಲೆಕ್ಕಕ್ಕಿಲ್ಲ?

ನಾನು ಕೇಳುವುದು ಸಣ್ಣ ಕೆಲಸ. ಎತ್ತರ ಕಡಿಮೆ ಬಂದ ಮಗುವಿಗೆ ತೋಳಿನ ಉದ್ದ, ಕೂತಾಗಿನ ಎತ್ತರ ಇವೆರಡರ ಅಳತೆಯನ್ನೂ ತೆಗೆಯಿರಿ. ಮೈ ಸರಿ ಇದ್ದು ಕೈಕಾಲು ಮಾತ್ರ ಮೊಟಕಿದ್ದರೆ ತಾಯಿಯನ್ನು ಬೈಯದೆ ಜಿಲ್ಲಾಸ್ಪತ್ರೆಗೆ ಬರೆದುಕೊಡಿ. ನಮ್ಮ ವಾರ್ಡಿನ ಅಂಗನವಾಡಿಗಳಿಗೆ ಬೇಕಾದಷ್ಟು ಟೇಪ್ ನಾನೇ ಕೊಡುತ್ತೇನೆ, ಹಿಡಿಯುವುದು ಹೇಗೆ ಅಂತಲೂ ತೋರಿಸುತ್ತೇನೆ. ಸೋಮವಾರ ಅಂಗಡಿ ರಜೆ, ಅವತ್ತಾದರೆ ಅನುಕೂಲ.

– ಒಬ್ಬ ಟೈಲರ್, ದಾವಣಗೆರೆ