ಕೈದಿಗಳಿಗೆ ಕೊಡುವ ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವಳು. ಗಲ್ಲು ಶಿಕ್ಷೆಯ ಪ್ರಕರಣಗಳಲ್ಲಿ ಅಪರಾಧಿಯ ಮಾನಸಿಕ ಸ್ಥಿತಿಯ ವರದಿಯನ್ನೂ ನೋಡಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದೇ. ಆದರೆ ವರದಿ ಬೇಕು ಎಂದ ಮೇಲೆ ವ್ಯಕ್ತಿತ್ವ ಪರೀಕ್ಷೆಗಳೂ ಬರುತ್ತವೆ. ಪೆರೋಲಿಗೂ, ಬ್ಯಾರಕ್ ಹಂಚುವುದಕ್ಕೂ ಅದೇ ಅಂಕ ಬಳಸೋಣ ಎಂದು ನಾಳೆ ಯಾರಾದರೂ ಸಲಹೆ ಕೊಡಬಹುದು.

ಎಂಎಂಪಿಐ ಎಂಬ ಹೆಸರಾಂತ ವ್ಯಕ್ತಿತ್ವ ಪರೀಕ್ಷೆಯನ್ನೇ ನೋಡಿ. 1943ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಪ್ರಕಟವಾಯಿತು. ಸಾಮಾನ್ಯ ಜನ ಎಂದು ಆಗ ಲೆಕ್ಕಕ್ಕೆ ಹಿಡಿದದ್ದು ಮುಖ್ಯವಾಗಿ ಅಲ್ಲಿನ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದವರನ್ನು. 1989ರ ಆವೃತ್ತಿಯಲ್ಲಿ 567 ಹೇಳಿಕೆಗಳಿವೆ. ಎಲ್ಲಕ್ಕೂ ಸರಿ ಅಥವಾ ತಪ್ಪು ಅನ್ನಬೇಕು. ಶಾಲೆ ಅರ್ಧಕ್ಕೇ ಬಿಟ್ಟವರು ಕೊನೆಕೊನೆಗೆ ಸುಮ್ನೆ ಗುರುತು ಹಾಕುತ್ತಾ ಹೋಗುತ್ತಾರೆ, ಅಲ್ವಾ?

ಯಾರೋ ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅನ್ನಿಸುತ್ತದಾ ಎಂಬಂಥ ಪ್ರಶ್ನೆಗೆ ಹೊರಗಿನವರು ಹೌದು ಎಂದರೆ ಅದು ಅನುಮಾನದ ಕಾಯಿಲೆಯ ಸುಳಿವು. ಪರಪ್ಪನ ಅಗ್ರಹಾರದೊಳಗೆ ಹೌದು ಎಂದವನು ನಿಜ ಹೇಳಿದ್ದಾನೆ, ಅಷ್ಟೇ. ಕಣ್ಣಿಡುವುದೇ ಅಲ್ಲಿನ ಸಿಬ್ಬಂದಿಯ ಕೆಲಸ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರನ್ನೂ ನಂಬದಿರುವುದು ಕೂಡ ಹಾಗೇ. ಇನ್ನು ಪೊಲೀಸ್ ಕೇಸಿನ ಬಗ್ಗೆ ಕೇಳಿದರೆ ಎಲ್ಲರದೂ ಒಂದೇ ಉತ್ತರ. ಎಲ್ಲರಿಗೂ ಜಾಸ್ತಿ ಅಂಕ ಬಂದರೆ ನಿಜವಾಗಿ ಅಪಾಯದವರು ಯಾರು ಅಂತ ಗೊತ್ತಾಗುವುದು ಹೇಗೆ? ಅದಕ್ಕೇ ಅಮೆರಿಕದಲ್ಲಿ ಕೈದಿಗಳನ್ನು ಕೈದಿಗಳ ಜೊತೆಗೇ ಹೋಲಿಸುವ ಲೆಕ್ಕ ಬೇರೆ ಮಾಡಿಕೊಂಡಿದ್ದಾರೆ. ಅದನ್ನೂ ಹಾಗೇ ಎತ್ತಿ ತರಬೇಡಿ. ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ತೀರ್ಪೇ ಬಾರದವರ ಅಪರಾಧಿ ಸ್ವಭಾವವನ್ನು ಅಳೆಯುವುದು ಯಾವ ನ್ಯಾಯ?

ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಪರಪ್ಪನ ಅಗ್ರಹಾರದ ಕೈದಿಗಳ ಮಾನಸಿಕ ಆರೋಗ್ಯದ ಬಗ್ಗೆ ಹಿಂದೆ ದೊಡ್ಡ ಅಧ್ಯಯನವನ್ನೂ ಮಾಡಿದೆ. ಪರೀಕ್ಷೆಯನ್ನು ಪರೀಕ್ಷಿಸುವ ಕೆಲಸ ಅವರಿಗೇ ಒಪ್ಪಿಸಿ. ಪ್ರಶ್ನೆಗಳು ಕನ್ನಡ, ಉರ್ದು, ತಮಿಳು, ತೆಲುಗಿನಲ್ಲಿ ಸಿದ್ಧವಾಗಲಿ. ಓದು ಬಾರದವರಿಗೆ ಓದಿ ಹೇಳಲಿ, ಆದರೆ ಓದುವವರು ಜೈಲು ಸಿಬ್ಬಂದಿ ಆಗಬಾರದು. ಕೆಲವು ವಾರ ಬಿಟ್ಟು ಮತ್ತೆ ಕೇಳಿದರೆ ಅಂಕ ಅಷ್ಟೇ ಬರುತ್ತದಾ? ಮುಂದೆ ಒಂದು ವರ್ಷ ಆ ವ್ಯಕ್ತಿ ನಡೆದುಕೊಳ್ಳುವ ರೀತಿಗೆ ಅದು ತಾಳೆಯಾಗುತ್ತದಾ? ಇಷ್ಟನ್ನು ನೋಡಲಿ. ಒಪ್ಪದವರನ್ನು ಕೂರಿಸಬಾರದು. ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಲ್ಲದು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸೆಲ್ವಿ ಪ್ರಕರಣ ನಮ್ಮ ರಾಜ್ಯದ್ದೇ ತಾನೆ.

ಅಲ್ಲಿಯವರೆಗೆ ಇಂಥ ಯಾವ ಅಂಕವೂ ಪೆರೋಲ್ ಕಡತಕ್ಕೆ ಸೇರದಂತೆ ಒಂದು ಸುತ್ತೋಲೆ ಹೊರಡಿಸಿ.

ಇತಿ,
ಬೆಂಗಳೂರಿನ ಒಬ್ಬ ಮನಃಶಾಸ್ತ್ರ ಶಿಕ್ಷಕಿ