‘ಅಕ್ವೇರಿಯಂಗೆ ಸಿದ್ಧ’ ಎಂದು ಪಾಲಿಶ್ ಬಳಿದ ಡ್ರಿಫ್ಟ್‌ವುಡ್ ಮಾರಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಅಕ್ವೇರಿಯಂ ಸಾಮಗ್ರಿಗಳ ಆನ್‌ಲೈನ್ ಮಳಿಗೆ, ಮಂಗಳೂರು

ಇವರಿಂದ,
ತಮ್ಮ ಗ್ರಾಹಕ, ಉಡುಪಿ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಮಳಿಗೆಯಿಂದ 1,850 ರೂಪಾಯಿ ಕೊಟ್ಟು ಎರಡು ಡ್ರಿಫ್ಟ್‌ವುಡ್ (ಮೀನಿನ ಟ್ಯಾಂಕಿನೊಳಗೆ ಅಲಂಕಾರಕ್ಕೆ ಇಡುವ ಮರ) ಕೊರಡುಗಳನ್ನು ತರಿಸಿಕೊಂಡಿದ್ದೆ. ಪೆಟ್ಟಿಗೆಯ ಮೇಲೆ ‘ಸಂಸ್ಕರಿಸಿದ್ದು, ತೊಳೆದು ನೇರವಾಗಿ ಟ್ಯಾಂಕಿಗೆ ಇಳಿಸಬಹುದು’ ಎಂದು ಮುದ್ರಿಸಿದ್ದರಿಂದ ಚಿಕ್ಕ ಕೊರಡನ್ನು ಚೆನ್ನಾಗಿ ಉಜ್ಜಿ ತೊಳೆದು, ತೇಲದಂತೆ ಕಲ್ಲು ಕಟ್ಟಿ, ಎರಡು ವರ್ಷಗಳಿಂದ ನೋಡಿಕೊಂಡು ಬಂದ 100 ಲೀಟರಿನ ಟ್ಯಾಂಕಿನಲ್ಲಿ ಇಟ್ಟೆ. ಮರುದಿನ ಬೆಳಿಗ್ಗೆ 14 ಚೆರ್ರಿ ಸಿಗಡಿಗಳು ಸತ್ತು ಬಿದ್ದಿದ್ದವು. ನಿಯಾನ್ ಟೆಟ್ರಾ ಮೀನುಗಳು ಮೇಲಕ್ಕೆ ಬಂದು ಉಸಿರಿಗಾಗಿ ಬಾಯಿ ಬಿಡುತ್ತಿದ್ದವು. ಸಂಜೆಯೊಳಗೆ ಅವುಗಳಲ್ಲಿಯೂ 5 ಸತ್ತವು. ಕೊರಡನ್ನು ತೆಗೆದು, ಅರ್ಧ ನೀರು ಬದಲಾಯಿಸಿ, ಫಿಲ್ಟರಿಗೆ ನೀರಿನ ಕಲ್ಮಶ ಹೀರುವ ಸಕ್ರಿಯ ಇಂಗಾಲ ಹಾಕಿದ ಮೇಲೆ ಉಳಿದವು ಚೇತರಿಸಿಕೊಂಡವು.

ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ‘ಮರದಿಂದ ನೀರು ಕಂದುಬಣ್ಣವಾಗುವುದು ಸಹಜ, ಅದು ದೋಷವಲ್ಲ’ ಎಂದು ಹೇಳಿ ದೂರನ್ನು ಮುಗಿಸಿಬಿಟ್ಟರು. ನೀರು ಕಂದುಬಣ್ಣವಾಯಿತೆಂದು ನಾನು ದೂರಿಯೇ ಇಲ್ಲ. ಮರ ಬಿಡುವ ಟ್ಯಾನಿನ್ ಎಂಬ ಒಗರು ಅಂಶದಿಂದ ನೀರು ಚಹಾದ ಬಣ್ಣಕ್ಕೆ ತಿರುಗುವುದಾಗಲಿ, ಮೊದಲ ವಾರಗಳಲ್ಲಿ ಮರದ ಮೇಲೆ ಬಿಳಿ ಲೋಳೆ ಕಟ್ಟಿ ತಾನಾಗಿಯೇ ಹೋಗುವುದಾಗಲಿ ಸಾಮಾನ್ಯವಾಗಿ ಮೀನಿಗೆ ಅಪಾಯವಲ್ಲ. ನಮ್ಮ ಮುರಕಲ್ಲು ನೆಲದ ಬಾವಿನೀರು ಲವಣಾಂಶ ಕಡಿಮೆಯಿರುವ ಮೆದುನೀರಾದ್ದರಿಂದ ಟ್ಯಾನಿನ್ ಸೇರಿದರೆ ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) ಬೇಗ ಇಳಿಯುತ್ತದೆ ಎಂಬುದೂ ನನಗೆ ಗೊತ್ತಿದೆ. ಆ ಕಾರಣಕ್ಕೇ ಅಂದು ಅಳೆದು ನೋಡಿದ್ದೆ: ಹಿಂದಿನ ದಿನ 6.8 ಇದ್ದದ್ದು 6.6 ಆಗಿತ್ತು, ಅಷ್ಟೇ. ಅಷ್ಟಕ್ಕೆ ಮೆದುನೀರಿನ ನಿಯಾನ್ ಟೆಟ್ರಾ ಸಾಯುವುದಿಲ್ಲ.

ಅನುಮಾನ ಬಂದು, ಬಳಸದೆ ಇಟ್ಟಿದ್ದ ದೊಡ್ಡ ಕೊರಡನ್ನು ಸ್ಟೀಲ್ ಪಾತ್ರೆಯಲ್ಲಿ ಎರಡು ಗಂಟೆ ಕುದಿಸಿದೆ. (ಬಚ್ಚಲಿನ ತಾಮ್ರದ ಹಂಡೆ ಅದಕ್ಕಿಂತ ದೊಡ್ಡದು, ಆದರೆ ತಾಮ್ರ ಅಲ್ಪಸ್ವಲ್ಪ ಸೇರಿದರೂ ಸಿಗಡಿಗೆ ವಿಷವಾದ್ದರಿಂದ ಅದನ್ನು ಬಳಸಲಿಲ್ಲ.) ಕುದಿ ಬರುತ್ತಿದ್ದಂತೆಯೇ ಹೊಸ ಬಾಗಿಲಿಗೆ ಪಾಲಿಶ್ ಹೊಡೆದಾಗ ಬರುವಂಥ ವಾಸನೆ ಅಡುಗೆಮನೆ ತುಂಬ ಹರಡಿತು, ನೀರಿನ ಮೇಲೆ ಬಣ್ಣಬಣ್ಣವಾಗಿ ಹೊಳೆಯುವ ಎಣ್ಣೆಯ ಪದರ ತೇಲಿತು. ಆರಿದ ಮೇಲೆ ಉಗುರಿನಿಂದ ಕೆರೆದರೆ ಮರದ ಮೈಯಿಂದ ತೆಳ್ಳಗಿನ ಪಾರದರ್ಶಕ ಪೊರೆಯೊಂದು ಎದ್ದು ಬಂತು. ಏನೂ ಬಳಿಯದ ಮರ ಹೀಗೆ ಪೊರೆ ಬಿಡುವುದಿಲ್ಲ. ಇದು ವಾರ್ನಿಷ್ ಇಲ್ಲವೇ ಮರದ ಪಾಲಿಶ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಳಪಿಗಾಗಿ ಬಳಿದದ್ದೋ, ಮಳೆಗಾಲದಲ್ಲಿ ಗೋದಾಮಿನಲ್ಲಿ ಬೂಷ್ಟು ಹಿಡಿಯದಿರಲೆಂದು ಬಳಿದದ್ದೋ, ಅದನ್ನು ನೀವೇ ತಿಳಿಸಬೇಕು.

ಅಕ್ವೇರಿಯಂಗೆ ಮರವನ್ನು ಸಂಸ್ಕರಿಸುವುದೆಂದರೆ ತೊಗಟೆ ಸುಲಿದು, ಕೊಳೆತ ಭಾಗವನ್ನು ಕೆತ್ತಿ ತೆಗೆದು, ಕುದಿಸಿ, ಆಗಾಗ ನೀರು ಬದಲಾಯಿಸುತ್ತ ಅದು ತಾನಾಗಿ ಮುಳುಗುವ ತನಕ ನೆನೆಸಿಡುವುದು. ಈ ಕೆಲಸವನ್ನು ನಾನೇ ಮಾಡಿಕೊಳ್ಳಬಲ್ಲವನಾಗಿದ್ದೆ. ಮಾಡದೆ ಹೋದದ್ದು ಪೆಟ್ಟಿಗೆಯ ಮೇಲಿನ ನಿಮ್ಮ ಮಾತನ್ನು ನಂಬಿದ್ದರಿಂದ. ಪಾಲಿಶ್ ಹೀರಿಕೊಂಡ ಮರವನ್ನಾದರೋ ಎಷ್ಟು ಕುದಿಸಿದರೂ ಮೀನಿನ ಬಳಿ ಇಡಲಾಗದು. ಆದ್ದರಿಂದ ‘ಬಳಸುವ ಮುನ್ನ ಕುದಿಸಿ’ ಎಂಬ ಚೀಟಿಯೊಂದನ್ನು ಅಂಟಿಸಿದರೆ ಈ ದೋಷ ಸರಿಹೋಗುವುದಿಲ್ಲ.

ಎರಡೂ ಕೊರಡುಗಳ ಹಣವನ್ನು ಮತ್ತು ಸತ್ತ ಜೀವಿಗಳ ಬೆಲೆಯನ್ನು ಮರಳಿಸಬೇಕೆಂದು ಕೋರುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಇದೇ ದಾಸ್ತಾನಿನ ಮಾರಾಟವನ್ನು ಇಂದೇ ನಿಲ್ಲಿಸಿ, ಈಗಾಗಲೇ ಕೊಂಡವರಿಗೆಲ್ಲ ಫೋನ್ ಮಾಡಿ ಎಚ್ಚರಿಸಿ. ಇನ್ನೂ ಟ್ಯಾಂಕಿಗೆ ಇಳಿಸದವರು ಇರಬಹುದು. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳೊಳಗೆ ಅದನ್ನು ಪರಿಹರಿಸುವುದು ನಿಮ್ಮ ಹೊಣೆ. ಆ ಅವಧಿ ಮೀರಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ಲಿನ ಪ್ರತಿ ಮತ್ತು ಫೋಟೋಗಳನ್ನು ಲಗತ್ತಿಸಿದ್ದೇನೆ. ಎದ್ದು ಬಂದ ಪೊರೆಯನ್ನೂ ಕುದಿಸಿದ ನೀರನ್ನೂ ಬಾಟಲಿಯಲ್ಲಿ ತೆಗೆದಿಟ್ಟಿದ್ದೇನೆ. ಪರೀಕ್ಷೆಗೆ ಬೇಕಾದರೆ ನಿಮ್ಮವರನ್ನು ಕಳುಹಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಗ್ರಾಹಕ, ಉಡುಪಿ